ಇಪ್ಪತ್ತೈದು ಡಾಲರ್ ಮತ್ತು ಹನ್ನೆರಡು ಜನ

ನಮ್ಮ ಮನೆಯ ಅಡಿಕೆ ಲೆಕ್ಕದ ಪುಸ್ತಕಕ್ಕೆ ಎರಡು ಬಾಗಿಲು. ಮುಂದಿನಿಂದ ತೆರೆದರೆ ಅತ್ತೆಯ ಅಕ್ಷರ: ಯಾರು ಯಾವ ದಿನ ಎಷ್ಟು ಕೆ.ಜಿ. ಸುಲಿದರು, ಯಾರಿಗೆ ಎಷ್ಟು ಮುಂಗಡ ಹೋಯಿತು. ಹಿಂದಿನಿಂದ ತೆರೆದರೆ ನನ್ನದು. ಅಲ್ಲಿ ‘ಆ್ಯಪ್ ಖರ್ಚು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಹನ್ನೊಂದು ವರ್ಷ ಒಂದು ಸೇವಾ ಸಹಕಾರಿ ಸಂಘದಲ್ಲಿ ಕಂಪ್ಯೂಟರಿನ ಮುಂದೆ ಕುಳಿತವಳು ನಾನು. ಎಂಟಾಣೆ ತಾಳೆಯಾಗದಿದ್ದರೆ ಊಟ ಸೇರುವುದಿಲ್ಲ. ಹಾಗಾಗಿ ಮದುವೆ ಮನೆಗಳಲ್ಲಿ ಯಾರಾದರೂ “ಆ್ಯಪ್ ಮಾಡುವುದಕ್ಕೆ ಎಷ್ಟು ಬೇಕಾಗುತ್ತದೆ?” ಎಂದು ಕೇಳಿದಾಗ, ಪಕ್ಕದಲ್ಲಿ ಕುಳಿತವರು “ಎಲ್ಲ ಪುಕ್ಕಟೆ” ಎಂದೋ “ಐದು ಲಕ್ಷ” ಎಂದೋ ಉತ್ತರಿಸುವುದನ್ನು ಕೇಳಿ ನನಗೆ ಕಿರಿಕಿರಿಯಾಗುತ್ತದೆ. ನನ್ನ ಪುಟವನ್ನು ಇಲ್ಲಿ ಬಿಚ್ಚಿಡುತ್ತೇನೆ. ನಿಮ್ಮ ಲೆಕ್ಕ ಬೇರೆಯಾಗಬಹುದು.

ಆ್ಯಪ್ ಏಕೆ ಬೇಕಾಯಿತು ಎಂದರೆ, ಸುಲಿಯುವ ಕಾಲದಲ್ಲಿ ಸಂಜೆ ಹದಿನಾಲ್ಕು ಹದಿನೈದು ಹೆಂಗಸರು ನಮ್ಮ ಅಂಗಳದಲ್ಲಿ ಮೆಟ್ಟುಗತ್ತಿ ಹಿಡಿದು ಕೂರುತ್ತಾರೆ. ರಾತ್ರಿ ಹತ್ತಕ್ಕೆ ತೂಕ. ಅತ್ತೆ ಬರೆಯುತ್ತಾರೆ. ವಾರದ ಬಟವಾಡೆಯ ದಿನ ಎರಡು ಕೆ.ಜಿ. ಹೆಚ್ಚಾಯಿತು, ಮೂರು ಕೆ.ಜಿ. ಕಡಿಮೆಯಾಯಿತು ಎಂದು ಒಂದು ಸಣ್ಣ ಜಗಳ ಆಗಿಯೇ ಆಗುತ್ತದೆ. ಅತ್ತೆಯ ಕಣ್ಣಿಗೆ ಪೊರೆ ಬಂದ ಮೇಲೆ ಜಗಳ ಸಣ್ಣದಾಗಿ ಉಳಿಯಲಿಲ್ಲ. 2024ರ ಮಳೆಗಾಲದಲ್ಲಿ, ತೋಟಕ್ಕೆ ಹೋಗುವಂತಿಲ್ಲ, ಅಂಗಳಕ್ಕೂ ಇಳಿಯುವಂತಿಲ್ಲ ಎಂಬಂಥ ಒಂದು ಮಧ್ಯಾಹ್ನ, ಈ ತೂಕದ ಲೆಕ್ಕಕ್ಕೆ ಒಂದು ಆ್ಯಪ್ ನಾನೇ ಏಕೆ ಮಾಡಬಾರದು ಎನ್ನಿಸಿತು.

ಪುಟದ ಮೊದಲ ಸಾಲು: ಲ್ಯಾಪ್‌ಟಾಪ್, ಸೊನ್ನೆ. ತಮ್ಮ ಬಿಟ್ಟುಹೋದದ್ದು. 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಆ್ಯಪ್ ಕಟ್ಟುವ ಆಂಡ್ರಾಯ್ಡ್ ಸ್ಟುಡಿಯೊ ಎಂಬ ತಂತ್ರಾಂಶಕ್ಕೆ ಒಂದು ಕಾಸೂ ಕೊಡಬೇಕಾಗಿಲ್ಲ, ನಿಜ. ಆದರೆ ಅದು ಕನಿಷ್ಠ 8 ಜಿಬಿ ಕೇಳುತ್ತದೆ, ಎಮ್ಯುಲೇಟರ್ ಕೂಡ ಬೇಕೆಂದರೆ 16. ಎಮ್ಯುಲೇಟರ್ ಅಂದರೆ ಪರದೆಯ ಮೇಲೆ ಓಡುವ ಮಾಯಾ ಫೋನು. ನನ್ನ ಯಂತ್ರದಲ್ಲಿ ಅದು ಓಡಲಿಲ್ಲ, ತೆವಳಲೂ ಇಲ್ಲ. ಆ್ಯಪನ್ನು ಒಮ್ಮೆ ಕಟ್ಟಲು ಕೊಟ್ಟು ಹಟ್ಟಿಗೆ ಹೋಗಿ ಎರಡು ಆಕಳು ಕರೆದು ಬಂದರೂ ಗೆರೆ ಇನ್ನೂ ಅರ್ಧದಲ್ಲಿ ಇರುತ್ತಿತ್ತು. ಶಿರಸಿ ಪೇಟೆಯಲ್ಲಿ 8 ಜಿಬಿಯ ರ‍್ಯಾಮ್ ಹಾಕಿಸಿದೆ, 1,900 ರೂಪಾಯಿ. ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ, 1,650. ಹೊಸ ಲ್ಯಾಪ್‌ಟಾಪಿಗೆ ಅರವತ್ತು ಸಾವಿರ ಹೇಳಿದ್ದ ಅಂಗಡಿಯವನ ಮುಖ ಸ್ವಲ್ಪ ಸಣ್ಣದಾಯಿತು. ಇಡೀ ಪುಟದಲ್ಲಿ ನನಗೆ ಸಂಪೂರ್ಣ ಸಮಾಧಾನ ಕೊಟ್ಟ ಸಾಲುಗಳು ಇವೆರಡೇ.

ಮುಂದಿನ ಸಾಲು ಡೇಟಾ. ಸ್ಟುಡಿಯೊವೇ ಒಂದು ಜಿಬಿಗಿಂತ ಹೆಚ್ಚು, ಅದರ ಮೇಲೆ ಎಸ್‌ಡಿಕೆ ಎಂಬ ಸಲಕರಣೆಗಳ ಗಂಟು, ಅದರ ಮೇಲೆ ಆ್ಯಪಿನ ತುಂಡುಗಳನ್ನು ಜೋಡಿಸುವ ಗ್ರೇಡಲ್ ಎಂಬುದು ಕೇಳದೆಯೇ ಎಳೆದುಕೊಳ್ಳುವ ನೂರೆಂಟು ಕಡತಗಳು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇರುವವಳಿಗೆ ಇದು ಸಮುದ್ರವನ್ನು ಚೊಂಬಿನಲ್ಲಿ ತುಂಬಿಕೊಂಡಂತೆ. ಮೇಲಾಗಿ ಹುಲೇಕಲ್ ರಸ್ತೆಯ ನಮ್ಮ ಊರಿನಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಗೇರುಮರದ ಬುಡದಲ್ಲಿ. ಹೆಚ್ಚುವರಿ ಪ್ಯಾಕುಗಳಿಗೆ ಒಟ್ಟು 1,100 ಕೊಟ್ಟ ಮೇಲೆ ಬುದ್ಧಿ ಬಂತು. ಲ್ಯಾಪ್‌ಟಾಪನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಿರಸಿಗೆ ಹೋಗಿ, ತಮ್ಮನ ಮನೆಯ ವೈಫೈನಲ್ಲಿ ಎಲ್ಲ ಇಳಿಸಿಕೊಂಡು ಬಂದೆ. ಬಸ್ಸಿನ ದುಡ್ಡೂ ಇಲ್ಲ, ‘ಶಕ್ತಿ’ ಇತ್ತಲ್ಲ. ತಮ್ಮನ ಹೆಂಡತಿ ಮಾಡಿಕೊಟ್ಟ ಬಿಸಿ ತೊಡದೇವನ್ನು ಯಾವ ಸಾಲಿನಲ್ಲಿ ಬರೆಯಬೇಕೆಂದು ತಿಳಿಯದೆ ಬಿಟ್ಟಿದ್ದೇನೆ.

ಕೆಂಪು ಶಾಯಿಯಲ್ಲಿ ಬರೆದ ಒಂದು ಸಾಲಿದೆ: ಕೋರ್ಸ್, 14,000.

ಇದನ್ನು ಇವರಿಗೆ ಹೇಳಿದ್ದು ಎರಡು ತಿಂಗಳ ನಂತರ. ದೊಡ್ಡ ಊರಿನ ಒಂದು ಸಂಸ್ಥೆ, ಹೆಸರು ಬೇಡ. ಫೋನಿನಲ್ಲಿ ಮಾತಾಡಿದ ಹುಡುಗಿ “ಮೇಡಂ, ಈ ದಿನ ರಾತ್ರಿ ಹನ್ನೆರಡರವರೆಗೆ ಮಾತ್ರ ಈ ದರ” ಎಂದಳು. ಅಡಿಕೆ ವ್ಯಾಪಾರದ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ‘ಇವತ್ತೇ ಕೊಡಿ, ನಾಳೆ ದರ ಬೀಳುತ್ತದೆ’ ಎಂದವನಿಗೆ ಮಾವ ಎಂದೂ ಚೀಲ ಬಿಚ್ಚಿದವರಲ್ಲ. ನಾನು ಬಿಚ್ಚಿದೆ. ಬಂದದ್ದು ಯಾವಾಗಲೋ ಮುದ್ರಿಸಿಟ್ಟ ವಿಡಿಯೊಗಳು. ಅದರಲ್ಲಿ ತೋರಿಸಿದ ಗುಂಡಿಗಳು ನನ್ನ ಪರದೆಯಲ್ಲಿ ಇರಲೇ ಇಲ್ಲ, ಅಷ್ಟು ಹಳೆಯ ಆವೃತ್ತಿ. ದುಡ್ಡು ವಾಪಸ್ ಕೇಳಿದರೆ ನಿಯಮಾವಳಿಯ ಹದಿನೇಳನೆಯ ಅಂಶ ಓದಿ ಎಂದರು.

ಕೊನೆಗೆ ಕಲಿತದ್ದು ಗೂಗಲ್ಲೇ ಉಚಿತವಾಗಿ ಇಟ್ಟಿರುವ ಆಂಡ್ರಾಯ್ಡ್ ಪಾಠಗಳಿಂದ. ಕಾಟ್ಲಿನ್ ಭಾಷೆ, ಕಂಪೋಸ್ ಎಂಬ ಪರದೆ ಕಟ್ಟುವ ಸಲಕರಣೆ, ಮೊದಲ ಅಕ್ಷರದಿಂದ ಹೇಳಿಕೊಡುತ್ತಾರೆ. ಇಂಗ್ಲಿಷಿನಲ್ಲಿ ಓದಬೇಕು, ಅಷ್ಟೇ ಕಷ್ಟ. ನಾನು ಬೆಳಿಗ್ಗೆ ನಾಲ್ಕೂವರೆಯಿಂದ ಆರರವರೆಗೆ ಓದುತ್ತಿದ್ದೆ. ಆ ಐದು ತಿಂಗಳ ಬೆಳಗುಗಳಿಗೆ ಪುಸ್ತಕದಲ್ಲಿ ದರ ಹಾಕಿಲ್ಲ. ಹಾಕಿದರೆ ಬೇರೆಲ್ಲ ಸಾಲುಗಳೂ ಚಿಲ್ಲರೆಯಾಗಿ ಕಾಣುತ್ತವೆ.

ಎಮ್ಯುಲೇಟರ್ ಕೈಕೊಟ್ಟದ್ದರಿಂದ ನಿಜವಾದ ಫೋನಿನಲ್ಲೇ ಪರೀಕ್ಷೆ ಮಾಡಿದೆ. ಫೋನಿನ ಸೆಟ್ಟಿಂಗಿನಲ್ಲಿ ‘ಬಿಲ್ಡ್ ನಂಬರ್’ ಎಂಬ ಸಾಲನ್ನು ಏಳು ಸಲ ಒತ್ತಿದರೆ ‘ನೀವೀಗ ಡೆವಲಪರ್’ ಎಂದು ಅದೇ ಘೋಷಿಸುತ್ತದೆ. ಏಳು ಹೆಜ್ಜೆ ತುಳಿದು ಈ ಮನೆಗೆ ಬಂದವಳು ಏಳು ಸಲ ಒತ್ತಿ ಇದಾದೆ. ಇದಕ್ಕೆ ಖರ್ಚಿಲ್ಲ. ಆದರೆ ನನ್ನ ಫೋನಿನಲ್ಲಿ ಚೆಂದವಾಗಿ ಓಡಿದ್ದು ಅತ್ತೆಯ ಫೋನಿನಲ್ಲಿ ಮುಗ್ಗರಿಸಬಾರದಲ್ಲ. 2 ಜಿಬಿಯ ಒಂದು ಹಳೆಯ ಫೋನನ್ನು 3,500ಕ್ಕೆ ತಂದೆ. ದುಡ್ಡು ದಂಡವಾಗಲಿಲ್ಲ. ಅದರಲ್ಲಿ ನೋಡಿದ ಮೇಲೆಯೇ ಗೊತ್ತಾದದ್ದು, ನನ್ನ ‘ಒಟ್ಟು’ ಕೆಳಗಿನಿಂದ ಕತ್ತರಿಸಿಹೋಗಿದೆ ಎಂದು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಗುಂಡಿ ಮಾಡಿದರೆ ಕನ್ನಡದ ಒತ್ತಕ್ಷರಕ್ಕೆ ಕೂರಲು ಜಾಗವಿರುವುದಿಲ್ಲ. ‘ಒಟು’ ಎಂದು ಓದಿದ ಅತ್ತೆ “ತಂಗಿ, ಲೆಕ್ಕದಲ್ಲಿ ಒಟ್ಟೇ ಇಲ್ಲದಿದ್ದರೆ ಉಳಿದದ್ದು ಏಕೆ?” ಎಂದರು. ಸಾಲಿನ ಎತ್ತರ ಹೆಚ್ಚಿಸಿ, ನೋಟೊ ಸಾನ್ಸ್ ಕನ್ನಡ ಎಂಬ ಅಕ್ಷರಶೈಲಿ ಹಾಕಿದೆ. ಅದಕ್ಕೂ ದುಡ್ಡು ಕೊಡಬೇಕಾಗಿಲ್ಲ.

ಅತ್ತೆಯ ಇನ್ನೊಂದು ಪ್ರಶ್ನೆ ನನ್ನ ಹದಿನೈದು ಬೆಳಗುಗಳನ್ನು ತಿಂದಿತು. “ತಾಯಿಯೂ ಮಗಳೂ ಒಂದೇ ಬುಟ್ಟಿಗೆ ಸುಲಿದರೆ ಯಾರ ಹೆಸರಿಗೆ ಬರೆಯುತ್ತೀ?” ಪುಸ್ತಕದಲ್ಲಿ ಅವರು ಅದಕ್ಕೆ ಒಂದು ಚುಕ್ಕೆ ಇಡುತ್ತಿದ್ದರಂತೆ. ಇಪ್ಪತ್ತು ವರ್ಷ ಆ ಚುಕ್ಕೆಯನ್ನು ಶಾಯಿ ಸೋರಿದ್ದು ಎಂದುಕೊಂಡಿದ್ದೆ.

ಲೆಕ್ಕವನ್ನು ಎಲ್ಲಿ ಇಡುವುದು ಎಂಬಲ್ಲಿ ಅನೇಕರು ಜಾರುತ್ತಾರೆ. ಮೊದಲು ನಾನೂ ಕ್ಲೌಡ್, ಅಂದರೆ ಅಂತರ್ಜಾಲದಲ್ಲಿ ಬೇರೆಯವರ ಕಂಪ್ಯೂಟರಿನಲ್ಲಿ, ಎಂದುಕೊಂಡೆ. ಗೂಗಲ್ಲಿನ ಅಂಥ ದತ್ತಕೋಶ ಫೈರ್‌ಸ್ಟೋರ್‌ನಲ್ಲಿ ದಿನಕ್ಕೆ 50,000 ಓದು, 20,000 ಬರಹ ಉಚಿತ; ನಮ್ಮ ಅಂಗಳಕ್ಕೆ ಅದು ಬೇಕಾದಷ್ಟಾಯಿತು. ಆದರೆ ಗೇರುಮರದ ಬುಡಕ್ಕೆ ಓಡಿ ಹೋಗಿ ತೂಕ ಬರೆಯಲಾಗುತ್ತದೆಯೇ? ಫೋನಿನೊಳಗೇ ಇರುವ ಎಸ್‌ಕ್ಯೂಲೈಟ್‌ನಲ್ಲಿ ಇಟ್ಟೆ. 2000ನೇ ಇಸವಿಯಿಂದ ಇರುವ ದತ್ತಕೋಶ ಅದು, ಯಾರ ಸ್ವತ್ತೂ ಅಲ್ಲವೆಂದು ಬರೆದವರೇ ಬಿಟ್ಟುಕೊಟ್ಟದ್ದು. ತಿಂಗಳ ಬಾಡಿಗೆ ಇಲ್ಲ. ವಾರಕ್ಕೊಮ್ಮೆ ಲೆಕ್ಕದ ಪ್ರತಿಯನ್ನು ವಾಟ್ಸ್ಆ್ಯಪ್‌ನಲ್ಲಿ ಮಗನಿಗೆ ಕಳಿಸಿಡುವ ಗುಂಡಿ ಒಂದಿದೆ.

ಐಫೋನಿನ ವಿಚಾರಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ಆ್ಯಪಲ್ ವರ್ಷಕ್ಕೆ 99 ಡಾಲರ್ ಕೇಳುತ್ತದೆ, ಪ್ರತಿ ವರ್ಷ. ಐಫೋನಿನ ಆ್ಯಪ್ ಕಟ್ಟುವ ಎಕ್ಸ್‌ಕೋಡ್ ಓಡಲು ಆ್ಯಪಲ್ಲಿನದೇ ಕಂಪ್ಯೂಟರ್, ಮ್ಯಾಕ್ ಬೇಕು. ನಮ್ಮ ಊರಿಗೆ ಐಫೋನ್ ಬರುವುದು ದೀಪಾವಳಿಗೆ, ಭಾವನ ಮಗನ ಕಿಸೆಯಲ್ಲಿ. ಅವನು ಅಡಿಕೆ ಸುಲಿಯುವುದಿಲ್ಲ.

ಪ್ಲೇ ಸ್ಟೋರಿನ ನೋಂದಣಿ 25 ಡಾಲರ್, ಜೀವಮಾನಕ್ಕೆ ಒಮ್ಮೆ. ನನ್ನ ಖಾತೆಯಿಂದ ಬ್ಯಾಂಕಿನ ವಿನಿಮಯ ಶುಲ್ಕವೂ ಸೇರಿ 2,240 ಹೋಯಿತು. ಕಷ್ಟವಿದ್ದದ್ದು ಮೊತ್ತದಲ್ಲಲ್ಲ, ಕೊಡುವುದರಲ್ಲಿ. 2020ರ ರಿಸರ್ವ್ ಬ್ಯಾಂಕ್ ನಿಯಮದ ನಂತರ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ತಾನಾಗಿ ತೆರೆದಿರುವುದಿಲ್ಲ, ನಾವೇ ತೆರೆಸಬೇಕು. ಬ್ಯಾಂಕಿನಲ್ಲಿ ಕೇಳಿದರೆ ಅಲ್ಲಿನವರು ಕನ್ನಡಕದ ಮೇಲಿಂದ ನೋಡಿ, “ಯಾರಾದರೂ ಫೋನ್ ಮಾಡಿ ಹೇಳಿದರೇನಮ್ಮಾ?” ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಗುರುತಿನ ಪರಿಶೀಲನೆಯಲ್ಲಿ ಇನ್ನೊಂದು ತೊಡಕು: ಪ್ಯಾನ್ ಕಾರ್ಡಿನಲ್ಲಿ ತವರಿನ ಹೆಸರು, ಬ್ಯಾಂಕಿನಲ್ಲಿ ಈ ಮನೆಯ ಹೆಸರು. ಮದುವೆಯಾದ ಹೆಂಗಸರು ಮೊದಲು ಇದನ್ನು ಸರಿಮಾಡಿಕೊಂಡು ಆಮೇಲೆ ಕಾಟ್ಲಿನ್ ಕಲಿಯಿರಿ.

ಇಷ್ಟೆಲ್ಲ ಆಗಿ 2025ರ ಜನವರಿ. ಸುಲಿಯುವ ಕೆಲಸ ಜೋರಾಗಿದೆ. ಆಗ ಓದಿದೆ: 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯವರು ಆ್ಯಪನ್ನು ಎಲ್ಲರಿಗೂ ಬಿಡುಗಡೆ ಮಾಡುವ ಮೊದಲು ಕನಿಷ್ಠ ಹನ್ನೆರಡು ಪರೀಕ್ಷಕರನ್ನು ಸತತ ಹದಿನಾಲ್ಕು ದಿನ ಸೇರಿಸಿಟ್ಟುಕೊಂಡಿರಬೇಕು. ಮೊದಲು ಇಪ್ಪತ್ತು ಇತ್ತು, ಹಿಂದಿನ ತಿಂಗಳಷ್ಟೇ ಹನ್ನೆರಡಕ್ಕೆ ಇಳಿದಿತ್ತು. ಪೇಟೆಯವರಿಗೆ ಇದು ಒಂದು ಸಂದೇಶದ ಕೆಲಸ. ದುಡ್ಡಿಗೆ ಹನ್ನೆರಡು ಜನರನ್ನು ಒದಗಿಸುವವರೂ ಇದ್ದಾರೆ. ನನಗೆ ಅದು ಬೇಡವೆನ್ನಿಸಿತು. ಅಂಗಳದಲ್ಲೇ ಹದಿನೈದು ಜನ ಕೂತಿದ್ದಾರಲ್ಲ!

ಆದರೆ ಪರೀಕ್ಷಕರಿಗೆ ಗೂಗಲ್ ಖಾತೆ ಬೇಕು, ಅದರ ವಿಳಾಸ ನನಗೆ ಬೇಕು. ಮೊದಲ ರಾತ್ರಿ ಕೇಳಿದಾಗ ತಿಳಿದದ್ದು, ಆರು ಜನರ ಖಾತೆಯನ್ನು ಒಬ್ಬನೇ ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟಿದ್ದಾನೆ. ಒಬ್ಬಳ ವಿಳಾಸ ಅವಳ ಹೆಸರಿನಲ್ಲೇ ಇಲ್ಲ, ಯಾವುದೋ ನಟನ ಹೆಸರಿನಲ್ಲಿದೆ. ಇಬ್ಬರ ಫೋನು ಗಂಡನ ಕೈಯಲ್ಲಿ. ಒಬ್ಬಳು ನೇರವಾಗಿ ಕೇಳಿದಳು, “ಅಮ್ಮಾ, ಇದನ್ನು ಹಾಕಿಕೊಂಡರೆ ನಮ್ಮ ಮುಂಗಡ ಎಲ್ಲರಿಗೂ ಕಾಣುತ್ತದೆಯೇ?” ಆ ಪ್ರಶ್ನೆಯನ್ನು ಕೋರ್ಸಿನವರೂ ಹೇಳಿಕೊಟ್ಟಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಲೆಕ್ಕ ಆಯಾ ಫೋನಿನಲ್ಲೇ ಉಳಿಯುತ್ತದೆ, ನಿನ್ನ ಫೋನಿನಲ್ಲಿ ನೀನು ಬರೆದದ್ದು ಮಾತ್ರ ಎಂದು ತೋರಿಸಿದೆ. ಮರುದಿನದಿಂದ ಅವಳು ತನ್ನ ಕೆ.ಜಿ.ಯನ್ನು ತಾನೇ ಬರೆದುಕೊಳ್ಳತೊಡಗಿದಳು. ಆ ವಾರದ ಬಟವಾಡೆಯಲ್ಲಿ ಅವಳ ಲೆಕ್ಕ ಸರಿ, ಅತ್ತೆಯದು ಒಂದೂವರೆ ಕೆ.ಜಿ. ಕಡಿಮೆ. ಅತ್ತೆ ಏನೂ ಹೇಳದೆ ದುಡ್ಡು ಕೊಟ್ಟರು, ರಾತ್ರಿ ಊಟಕ್ಕೆ ಮಾತ್ರ ಮಾತಾಡಲಿಲ್ಲ.

ಅಂಗಳದಿಂದ ಎಂಟು ಜನ ಸಿಕ್ಕರು. ಇವರು, ತಮ್ಮ, ಅವನ ಹೆಂಡತಿ, ಸಂಘದ ಹಳೆಯ ಸಹೋದ್ಯೋಗಿ ಸೇರಿ ಹನ್ನೆರಡು. ಯಾರಾದರೂ ಹೊರಬಿದ್ದರೆ ಇರಲಿ ಎಂದು, ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡನನ್ನು ಹದಿಮೂರನೆಯವನಾಗಿ ಹಾಕಿದೆ. ಅವನು ಮರದಿಂದ ಇಳಿದ ಕೂಡಲೇ ಫೋನು ತೆಗೆದು “ಇವತ್ತಿನದೂ ಇದೆ ನೋಡಿ” ಎಂದು ತೋರಿಸಿ ಹೋಗುತ್ತಿದ್ದ. ಒಂಬತ್ತನೆಯ ದಿನ ಒಬ್ಬಳ ಮಗ ಫೋನಿನಲ್ಲಿ ಜಾಗ ಸಾಲದೆಂದು ಆ್ಯಪನ್ನು ತೆಗೆದು, ಪರೀಕ್ಷೆಯಿಂದಲೂ ಹೊರಬಂದುಬಿಟ್ಟ. ಕೊನೆಗೌಡ ಉಳಿಸಿದ. ಹದಿನಾಲ್ಕು ದಿನ ಸಂಜೆಯ ಚಹಾದ ಜೊತೆ ಅವಲಕ್ಕಿಯೋ ಮಂಡಕ್ಕಿಯೋ ಹೆಚ್ಚಿಗೆ ಹೋದದ್ದನ್ನು ಅತ್ತೆ ತಮ್ಮ ಕಡೆಯ ಪುಟದಲ್ಲಿ ‘ಸೊಸೆಯ ಪರೀಕ್ಷೆ’ ಎಂದು ಬರೆದಿದ್ದಾರೆ, 620 ರೂಪಾಯಿ. ಅದು ನನ್ನ ಲೆಕ್ಕಕ್ಕೆ ಬರುವುದಿಲ್ಲ.

ಆ್ಯಪಿಗೆ ದರ ಇಡಲಿಲ್ಲ. ಇಟ್ಟರೆ ವರ್ಷದ ಮೊದಲ ಹತ್ತು ಲಕ್ಷ ಡಾಲರ್ ಗಳಿಕೆಯವರೆಗೆ 15 ಪ್ರತಿಶತ ಪ್ಲೇ ಸ್ಟೋರಿನ ಪಾಲಾಗುತ್ತದೆ ಎಂದು ಓದಿ ನಾನೂ ಇವರೂ ಬಹಳ ಹೊತ್ತು ನಕ್ಕೆವು. ದುಡ್ಡು ಮಾಡುವ ಖಾತೆಯವರ ಪೂರ್ತಿ ವಿಳಾಸ ಎಲ್ಲರಿಗೂ ಕಾಣುತ್ತದೆ ಎಂಬುದು ನಿಜವಾದ ಕಾರಣ.

ಪುಟದ ಕೆಳಗೆ ಒಟ್ಟು: 24,390. ಕೆಂಪು ಸಾಲು ಬಿಟ್ಟರೆ 10,390. ಮಾವ ಕಣ್ಣು ಕಿರಿದು ಮಾಡಿ ನೋಡಿ, “ಹತ್ತಿರ ಹತ್ತಿರ ಅರ್ಧ ಕ್ವಿಂಟಲ್ ರಾಶಿ ಅಡಿಕೆ” ಎಂದರು. ಬೈಗುಳವೋ ಮೆಚ್ಚುಗೆಯೋ ಇನ್ನೂ ತಿಳಿದಿಲ್ಲ. ಅವರು ತೋಟಕ್ಕೆ ಮೈಲುತುತ್ತ ತಂದ ರಸೀದಿಯನ್ನೂ ಅದೇ ದನಿಯಲ್ಲಿ ಓದುತ್ತಾರೆ.

ಮೈಲುತುತ್ತದಂತೆ ಇದೂ ಒಮ್ಮೆ ಹೊಡೆದು ಮುಗಿಯುವುದಲ್ಲ ಎಂದು ತಿಳಿದದ್ದು ಮುಂದಿನ ಮಳೆಗಾಲದಲ್ಲಿ. 2025ರ ಆಗಸ್ಟ್ 31ರಿಂದ ಹಾಕುವ ಪರಿಷ್ಕರಣೆಗಳು ಆಂಡ್ರಾಯ್ಡ್ 15ಕ್ಕೆ ಹೊಂದಿರಬೇಕಿತ್ತು. ಹೊಂದಿಸಿದೆ. ಹೊಸ ನಿಯಮದಂತೆ ಪರದೆಯ ಅಂಚಿನಿಂದ ಅಂಚಿಗೆ ಆ್ಯಪ್ ಹರಡಿಕೊಳ್ಳುತ್ತದೆ. ಆಂಡ್ರಾಯ್ಡ್ 15 ಇರುವ ತಮ್ಮನ ಫೋನಿನಲ್ಲಿ ತೆರೆದು ನೋಡಿದರೆ ಕೆಳಗಿನ ಸಾಲು ಫೋನಿನ ಗುಂಡಿಗಳ ಅಡಿಗೆ ಹೋಗಿ ಕೂತಿದೆ. ಮತ್ತೆ ಅದೇ ‘ಒಟ್ಟು’. ಸರಿಮಾಡಲು ಕೂತಾಗ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿರುವುದು ಕಂಡಿತು. 2,300 ಹೇಳಿದ್ದಾರೆ. ಇನ್ನೂ ಬರೆದುಕೊಂಡಿಲ್ಲ, ಪುಸ್ತಕ ಅತ್ತೆಯ ಹತ್ತಿರ ಇದೆ.