ಹುಲ್ಲು ಕೊನೆಗೂ ಹಸಿರಾಯಿತು: ತೆಹ್ರಾನ್ ಡರ್ಬಿ ಟೇಪು, ಕಂತು 7

ಹುಲ್ಲು ಹಸಿರಾಗಿದೆ. ಬೂದು ಅಲ್ಲ, ನೇರಳೆ ಅಲ್ಲ, ಅಪ್ಪಟ ಹಸಿರು. ಹಳೇ ಫುಟ್‌ಬಾಲ್ ಪಂದ್ಯದ ವಿಎಚ್‌ಎಸ್ ಟೇಪನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಇದು. ಇಷ್ಟಕ್ಕೆ ಹನ್ನೊಂದು ವಾರ ಬೇಕಾಯಿತೇ ಎಂದು ಕೇಳುವವರು ಸೆಕಾಮ್ (ಬಣ್ಣದ ಟಿವಿಯ ಒಂದು ಹಳೇ ಪದ್ಧತಿ) ಟೇಪಿನ ಜೊತೆ ಏಗಿದವರಲ್ಲ. ಹೆಡ್ (ಟೇಪನ್ನು ಓದುವ ಭಾಗ) ಒರೆಸುವುದು, ಬೂಷ್ಟು ತೆಗೆಯುವುದು, ಒಡೆದ ಶೆಲ್ ಬದಲಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ, ಬಿಟ್ಟುಬಿಡೋಣ. ಈ ಕಂತು ಪೂರ್ತಿ ಬಣ್ಣದ್ದು, ಕೊನೆಗೆ ಸ್ವಲ್ಪ ಸದ್ದಿನದ್ದು.

ಗುರಿ ಮರೆತವರಿಗೆ ಒಂದು ಮಾತು. ಟೇಪಿನಲ್ಲಿರುವುದು 90ರ ದಶಕದ ಒಂದು ಡರ್ಬಿ, ಅಂದರೆ ಒಂದೇ ಊರಿನ ಎರಡು ಕ್ಲಬ್‌ಗಳಾದ ಪರ್ಸೆಪೊಲಿಸ್ (ಕೆಂಪು) ಮತ್ತು ಎಸ್ತೆಗ್ಲಾಲ್ (ನೀಲಿ) ನಡುವಿನ ಪಂದ್ಯ. ಆಜಾದಿ ಮೈದಾನದ್ದು, ತೆಹ್ರಾನಿನ ಯಾವುದೋ ಮನೆಯಲ್ಲಿ ಟಿವಿಯಿಂದ ಹಿಡಿದದ್ದು. ಗೋಲುಗಳ ತುಣುಕು ಬೇಕಾದವರಿಗೆ ಅವು ಬೇರೆ ಕಡೆ ಸಿಗುತ್ತವೆ. ನಮಗೆ ಬೇಕಾಗಿರುವುದು ಗ್ಯಾಲರಿ. ಅಲಿ ಪರ್ವೀನ್, ನಾಸಿರ್ ಹೆಜಾಝಿ, ಹೊಮಾಯೂನ್ ಬೆಹ್ಜಾದಿಯಂಥ ಹಳೇ ಆಟಗಾರರ ಕಾಲದ ಆಟವನ್ನು ನೆನೆಯುವವರು ಬರೀ ಆಟವನ್ನು ನೆನೆಯುವುದಿಲ್ಲ. ನಂಬರಿಲ್ಲದ ಕಾಂಕ್ರೀಟ್ ಮೆಟ್ಟಿಲು, ಜಾಗ ಹಿಡಿಯಲು ಬೆಳಿಗ್ಗೆಯೇ ಬಂದು ಕೂತ ಜನ, ಕಾಲ ಕೆಳಗೆ ತೊಖ್ಮೆ (ಹುರಿದ ಬೀಜ) ಸಿಪ್ಪೆಯ ರಾಶಿ, ಎಲ್ಲವೂ ಜೊತೆಗೇ ಬರುತ್ತವೆ. 1 ಲಕ್ಷ ಜನ ಹಿಡಿಯುತ್ತಿದ್ದ ಮೈದಾನ ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ 80 ಸಾವಿರದ ಒಳಗೆ ಇಳಿಯಿತು. ಆ ಹಳೇ ಗ್ಯಾಲರಿ ಈಗ ಇರುವುದು ಇಂಥ ಟೇಪುಗಳಲ್ಲೇ. ಹಾಗಾಗಿ ಈ ಕೆಲಸಕ್ಕೆ ಒಂದೇ ನಿಯಮ: ಚೆಂಡು ಮಸುಕಾದರೂ ಪರವಾಗಿಲ್ಲ, ಜನ ಮಸುಕಾಗಬಾರದು.

ಮೊದಲ ಪೆಟ್ಟು ಬಿದ್ದದ್ದೇ ಅಲ್ಲಿ. ಮಾಮೂಲಿ ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ವಿಸಿಆರ್‌ನಲ್ಲಿ ಟೇಪು ಕಪ್ಪುಬಿಳುಪಾಗಿ ಓಡಿತು. ಬೇರೆ ಪಂದ್ಯವಾಗಿದ್ದರೆ ನೋಡಬಹುದಿತ್ತು. ಇದು ಕೆಂಪು ಮತ್ತು ನೀಲಿಯ ಜಗಳ. ಲೆಕ್ಕ ಹಾಕಿ ನೋಡಿ: ಕೆಂಪು ಅಂಗಿ 200-20-30 (255ಕ್ಕೆ ಕೆಂಪು, ಹಸಿರು, ನೀಲಿಯ ಅಂಕ) ಅಂದುಕೊಂಡರೆ ಅದರ ಹೊಳಪು 75. ನೀಲಿ 20-70-190 ಅಂದುಕೊಂಡರೆ 69. ವಿಎಚ್‌ಎಸ್ ಗದ್ದಲದಲ್ಲಿ 6 ಅಂಕದ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಇಪ್ಪತ್ತೆರಡು ಜನ ಒಂದೇ ತಂಡದವರಂತೆ ಓಡಾಡುತ್ತಾರೆ, ಗ್ಯಾಲರಿಯ ಎರಡೂ ಅರ್ಧ ಒಂದೇ ಬೂದುಗುಂಬಳ.

ಕಾರಣ ಗೊತ್ತಿರುವುದೇ. ಇರಾನ್ ಟಿವಿ ಆಗ ಸೆಕಾಮ್‌ನಲ್ಲಿ ಪ್ರಸಾರ ಮಾಡುತ್ತಿತ್ತು, ಆ ಭಾಗದ ವಿಸಿಆರ್‌ಗಳು ಅದನ್ನು ಮೆಸೆಕಾಮ್ ಆಗಿ ಬರೆಯುತ್ತಿದ್ದವು. ಫ್ರಾನ್ಸಿನ ವಿಸಿಆರ್ ಬಣ್ಣದ ತರಂಗವನ್ನು ನಾಲ್ಕರಿಂದ ಭಾಗಿಸಿ ಸುಮಾರು 1.1 ಮೆಗಾಹರ್ಟ್ಸ್‌ನಲ್ಲಿ ಇಡುತ್ತದೆ. ಮೆಸೆಕಾಮ್ ವಿಸಿಆರ್ ಪಾಲ್‌ನದೇ ಸರ್ಕ್ಯೂಟ್ ಬಳಸಿ ಅದಕ್ಕಿಂತ ಬಹಳ ಕೆಳಗಿಡುತ್ತದೆ. ಒಂದರ ಟೇಪು ಇನ್ನೊಂದರಲ್ಲಿ ಹಾಕಿದರೆ ಬಣ್ಣ ಸೊನ್ನೆ. ಇದನ್ನು ಅಂಗಡಿಯವರಿಗೆ ಅರ್ಥ ಮಾಡಿಸುವುದು ಮಾತ್ರ ಬ್ರಹ್ಮವಿದ್ಯೆ. ‘ಆಲ್ ಸಿಸ್ಟಮ್ ಸಾರ್, ಗ್ಯಾರಂಟಿ’ ಎಂದು ಒಬ್ಬರು ಕೊಟ್ಟ ಡೆಕ್ (ವಿಸಿಆರ್) ಅಪ್ಪಟ ಫ್ರೆಂಚ್ ಮಾಡೆಲ್ ಆಗಿತ್ತು. ವಾಪಸ್ ಕೊಡಲು ಹೋದರೆ ‘ಸೆಕಾಮ್ ಅಂತ ಬರ್ದಿದೆಯಲ್ಲ ಸಾರ್’ ಎಂಬ ಉತ್ತರ. ಬರೆದಿರುವುದು ನಿಜ. ಬೇಕಿದ್ದ ‘ME’ ಎಂಬ ಎರಡಕ್ಷರ ಮುಂದಿರಲಿಲ್ಲ.

ಹುಡುಕುವವರಿಗೆ ಸುಳಿವು: ಗಲ್ಫ್‌ನಲ್ಲಿ ಮಾರಿದ ಮಲ್ಟಿಸಿಸ್ಟಮ್ ಡೆಕ್‌ಗಳೇ ಇದಕ್ಕೆ ಸರಿ. ಭಟ್ಕಳ, ಮಂಗಳೂರು ಕಡೆ ದುಬೈಯಿಂದ ಬಂದವರ ಮನೆಯ ಅಟ್ಟದಲ್ಲಿ ಇನ್ನೂ ಇರುತ್ತವೆ. ಮುಂಭಾಗದಲ್ಲೋ ಹಿಂಭಾಗದಲ್ಲೋ ಮೆಸೆಕಾಮ್ ಎಂದು ಬರೆದ ಸ್ವಿಚ್ ಇರಬೇಕು. ಬರೀ ‘ಆಟೋ’ ಇರುವುದನ್ನು ಮುಟ್ಟಬೇಡಿ.

ಡೆಕ್ ಸಿಕ್ಕಿತು, ಬಣ್ಣ ಬಂತು. ಹತ್ತು ಸೆಕೆಂಡಿಗೆ ಹುಲ್ಲು ನೇರಳೆಯಾಯಿತು. ಮತ್ತೆ ಹಸಿರು, ಮತ್ತೆ ನೇರಳೆ, ಬಿಳಿ ಗೆರೆಗಳೆಲ್ಲ ಗುಲಾಬಿ. ಹನ್ನೊಂದರಲ್ಲಿ ಎಂಟು ವಾರ ತಿಂದದ್ದು ಇದೇ.

ಸೆಕಾಮ್ ಎರಡು ಬಣ್ಣದ ಸಂಕೇತವನ್ನು ಒಟ್ಟಿಗೆ ಕಳಿಸುವುದಿಲ್ಲ. ಒಂದು ಗೆರೆಯಲ್ಲಿ ಕೆಂಪಿನದು 4.406 ಮೆಗಾಹರ್ಟ್ಸ್ ಮೇಲೆ, ಮುಂದಿನ ಗೆರೆಯಲ್ಲಿ ನೀಲಿಯದು 4.250 ಮೇಲೆ, ಹೀಗೆ ಸರದಿ. ಈಗಿನದು ಯಾರ ಸರದಿ ಎಂದು ಡಿಕೋಡರ್ ಗುರುತಿಟ್ಟುಕೊಳ್ಳಬೇಕು. ಸವೆದ ಟೇಪಿನಲ್ಲಿ ಒಂದು ಗೆರೆ ಜಾರಿದರೆ ಸಾಕು, ಕೆಂಪಿನ ಲೆಕ್ಕ ನೀಲಿಗೆ, ನೀಲಿಯದು ಕೆಂಪಿಗೆ. ಎರಡರ ಮೂಲ ತರಂಗವೂ ಬೇರೆ, ಕೆಂಪಿನದು ತಲೆಕೆಳಗಾಗಿ ಬರುವುದೂ ಉಂಟು. ಹಾಗಾಗಿ ಬಣ್ಣವಿಲ್ಲದ ಕಾಂಕ್ರೀಟಿಗೂ ನೇರಳೆ ಹತ್ತುತ್ತದೆ, ಹಸಿರಂತೂ ಬದನೆಕಾಯಿ. ನೇರಳೆ ಕಂಡರೆ ಹೆಡ್ ಕೆಟ್ಟಿದೆ ಎಂದು ಡೆಕ್ ಬಿಚ್ಚಲು ಹೋಗಬೇಡಿ. ಅದು ಸರದಿ ತಪ್ಪಿದ್ದು, ಅಷ್ಟೇ.

ಗೆರೆ ಜಾರುವುದಕ್ಕೆ ಮೂರು ಕಾರಣ ಸಿಕ್ಕವು, ಮೂರನ್ನೂ ಒಟ್ಟಿಗೆ ಸರಿಮಾಡಿದಾಗಲೇ ಫಲ. ಕ್ಯಾಪ್ಚರ್ ಕಡ್ಡಿ (ವಿಡಿಯೊವನ್ನು ಕಂಪ್ಯೂಟರಿಗೆ ಇಳಿಸುವ ಸಾಧನ) ‘ಆಟೋ’ದಲ್ಲಿತ್ತು. ಸಂಕೇತ ಕ್ಷಣಕಾಲ ಕಡಿದುಹೋಗುವ ಪ್ರತಿ ಡ್ರಾಪ್‌ಔಟ್‌ಗೂ ಇದು ಪಾಲೋ ಸೆಕಾಮೋ ಎಂದು ಮೊದಲಿನಿಂದ ಯೋಚಿಸಲು ಕೂರುತ್ತಿತ್ತು. ಡೆಕ್‌ನ ಆಟೋ ಟ್ರ್ಯಾಕಿಂಗ್ (ಹೆಡ್ಡನ್ನು ಟೇಪಿನ ಗೆರೆಗೆ ತಾನೇ ಹೊಂದಿಸುವುದು) ಕೂಡ ನೆಲೆ ಸಿಗದೆ ಹುಡುಕಾಡುತ್ತಿತ್ತು. ಅದನ್ನು ನಿಲ್ಲಿಸಿ, ಚಿತ್ರದ ಬುಡದಲ್ಲಿ ಹೆಡ್ ಬದಲಾಗುವ ಆ ಎಂಟು–ಹತ್ತು ಹರಿದ ಗೆರೆಗಳು ಅಲುಗದೆ ನಿಲ್ಲುವವರೆಗೆ ಕೈಯಲ್ಲೇ ತಿರುಗಿಸಬೇಕು. ಮೂರನೆಯದು ಮುಖ್ಯ, ಗೆರೆಗಳ ಸಮಯ ನೇರ್ಪಡಿಸುವುದು. ಅದನ್ನು ಮಾಡುವ ಹೆಚ್ಚಿನ ಟಿಬಿಸಿ ಪೆಟ್ಟಿಗೆಗಳು ಪಾಲ್, ಎನ್‌ಟಿಎಸ್‌ಸಿ (ಅಮೆರಿಕದ ಪದ್ಧತಿ) ಬಿಟ್ಟು ಬೇರೇನೂ ಅರಿಯವು. ಕೊನೆಗೆ ಕೈಹಿಡಿದದ್ದು ಫ್ರಾನ್ಸಿನ ಮಾರುಕಟ್ಟೆಗೆ ಮಾಡಿದ ಹಳೇ ಡಿವಿಡಿ ರೆಕಾರ್ಡರ್. ಡೆಕ್‌ನ ಹಳದಿ ತಂತಿ ಅದಕ್ಕೆ, ಮೆನುವಿನಲ್ಲಿ ಒಳಬರುವ ಸಂಕೇತ ಸೆಕಾಮ್ ಎಂದು ಬಿಗಿಯಾಗಿ ಇಟ್ಟು, ಹೊರಗೆ ಎಸ್‌-ವಿಡಿಯೊದಲ್ಲಿ ಪಾಲ್, ಅಲ್ಲಿಂದ ಕ್ಯಾಪ್ಚರ್. ರೆಕಾರ್ಡ್ ಬಟನ್ ಒತ್ತಬೇಕಿಲ್ಲ, ಹಾದುಹೋದರೆ ಸಾಕು. ಕ್ಯಾಪ್ಚರ್ ಸೆಟ್ಟಿಂಗ್: 720×576 ಪಿಕ್ಸೆಲ್, 4:2:2 ಬಣ್ಣ, ನಷ್ಟವಿಲ್ಲದ ಕೋಡೆಕ್, ಗಂಟೆಗೆ 30 ಜಿಬಿ ಇಟ್ಟುಕೊಳ್ಳಿ. ಮೂರು ಸಲ ಓಡಿಸಿದರೂ ಹುಲ್ಲು ಹಸಿರು.

ಫ್ರೆಂಚ್ ಡೆಕ್ ದಂಡವಾಯಿತು, ಫ್ರೆಂಚ್ ರೆಕಾರ್ಡರ್ ಕಾಪಾಡಿತು. ಲೆಕ್ಕ ಚುಕ್ತಾ.

ಬಣ್ಣ ಬಂದಮೇಲೆ ಕೆಂಪು ಬಾವುಟಗಳ ಅಂಚಿನಲ್ಲಿ ಕಿಡಿ ಹಾರತೊಡಗಿತು. ಸೆಕಾಮ್ ಬೆಂಕಿ ಅನ್ನುವುದು ಇದಕ್ಕೇ. ಗಾಢ ಬಣ್ಣದ ಬಲಕ್ಕೆ ಅಡ್ಡಡ್ಡ ಚೂರು ಗೆರೆ. ಎಲ್ಲರೂ ಹೇಳುವ ಮದ್ದು, ಹಿಂದುಮುಂದಿನ ಫ್ರೇಮುಗಳನ್ನು ಸೇರಿಸಿ ಮೀಡಿಯನ್ (ನಡುವಿನ ಬೆಲೆ) ತೆಗೆಯುವುದು. ನಿಂತ ಚಿತ್ರಕ್ಕೆ ಅದು ಸರಿ. ಗ್ಯಾಲರಿಗೆ ಹಾಕಿದರೆ ಬೀಸುತ್ತಿದ್ದ ಬಾವುಟ ಮಾಯ, ಕೋಲು ಮಾತ್ರ ಗಾಳಿಯಲ್ಲಿ. ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿತ್ತು. 1973ರಲ್ಲಿ ಪರ್ಸೆಪೊಲಿಸ್ ಅಂದಿನ ತಾಜ್ ತಂಡವನ್ನು 6–0ಯಿಂದ ಬಡಿಯಿತು: ಬೆಹ್ಜಾದಿ ಮೂರು, ಇರಾಜ್ ಸುಲೈಮಾನಿ ಎರಡು, ಹುಸೇನ್ ಕಲಾನಿ ಒಂದು. ಕ್ರಾಂತಿಯ ನಂತರ ತಾಜ್ ಎಸ್ತೆಗ್ಲಾಲ್ ಆಯಿತು, ಆದರೆ ಕೆಂಪಿನವರು ಆರು ಬೆರಳು ತೋರಿಸುವುದು ಮಾತ್ರ ಬಿಟ್ಟಿಲ್ಲ. ಟೇಪಿನ 34ನೇ ನಿಮಿಷದಲ್ಲಿ ಒಬ್ಬಾತ ಬೇಲಿ ಹತ್ತಿ ಒಂದು ಕೈಯ ಐದು ಬೆರಳು, ಇನ್ನೊಂದರ ಹೆಬ್ಬೆಟ್ಟು ಎತ್ತಿದ್ದಾನೆ. ಮೀಡಿಯನ್ ಹಾಕಿದ ಮೇಲೆ ಹೆಬ್ಬೆಟ್ಟು ಅಳಿಸಿಹೋಯಿತು. ಆರು ಐದಾದರೆ ತೆಹ್ರಾನಿನ ಅರ್ಧ ಊರು ಜಗಳಕ್ಕೆ ಬರುತ್ತದೆ. ಈಗ ಮಾಡಿರುವುದಿಷ್ಟು: ಮೀಡಿಯನ್ ಬಣ್ಣದ ಪದರಗಳಿಗೆ ಮಾತ್ರ, ಅದೂ ಒಂದೇ ಫ್ರೇಮಿನೊಳಗೆ, ಹೊಳಪಿನ ಪದರ ಮುಟ್ಟಿಲ್ಲ. ಆಮೇಲೆ ಬಣ್ಣವನ್ನು 2 ಗೆರೆ ಮೇಲಕ್ಕೆ, 4 ಪಿಕ್ಸೆಲ್ ಎಡಕ್ಕೆ ಸರಿಸಿದ್ದು. ಕಿಡಿ ಮುಕ್ಕಾಲು ಪಾಲು ಹೋಯಿತು, ಹೆಬ್ಬೆಟ್ಟು ಉಳಿಯಿತು.

ಗ್ಯಾಲರಿಯ ಶಾಟ್ ಎಂದರೆ ಎಲ್ಲವನ್ನೂ ನಂಬುವಂತಿಲ್ಲ, ಪಟ್ಟಿ ಮಾಡುವವರು ಎಚ್ಚರ. 1994ರ ವಿಶ್ವಕಪ್ಪನ್ನು ಇರಾನ್ ಟಿವಿ ತೋರಿಸುವಾಗ ಅಮೆರಿಕದ ಗ್ಯಾಲರಿಯ ಹೆಂಗಸರು ಕಾಣದಿರಲೆಂದು ಹಳೇ ಪಂದ್ಯಗಳ ಜನರನ್ನು ಅಂಟಿಸುತ್ತಿದ್ದರು. ಮೈದಾನದಲ್ಲಿ ಆಟಗಾರರು ಬೆವರಿ ನೀರಾಗಿದ್ದರೆ ಗ್ಯಾಲರಿಯವರು ಚಳಿಗಾಲದ ಕೋಟು ತೊಟ್ಟಿದ್ದರು! ಅಂಟಿಸಿದ ಜಾಗವನ್ನು ಧ್ವನಿಯಲ್ಲೂ ಪತ್ತೆ ಮಾಡಬಹುದು: ಚಿತ್ರ ಬದಲಾದರೂ ಸದ್ದು ಬದಲಾಗುವುದಿಲ್ಲ.

ಸದ್ದಿಗೆ ಬಂದರೆ, ಲೀನಿಯರ್ ಟ್ರ್ಯಾಕು (ಟೇಪಿನ ಅಂಚಿನ ಧ್ವನಿಪಟ್ಟಿ) ಸೆಕೆಂಡಿಗೆ 2.34 ಸೆಂಟಿಮೀಟರಿನಲ್ಲಿ ತೆವಳುತ್ತದೆ, 10 ಕಿಲೊಹರ್ಟ್ಸ್ ಮೇಲೆ ಉಳಿದಿರುವುದು ಭ್ರಮೆ. ಮೊದಲು ಅಜಿಮತ್ ಸ್ಕ್ರೂ, ಧ್ವನಿ ಹೆಡ್‌ನ ಓರೆ ಸರಿಮಾಡುವುದು. ಹಳೇ ಜಾಗಕ್ಕೆ ನೇಲ್ ಪಾಲಿಶ್ ಗುರುತು ಹಾಕಿ, ಕಾಲು ಸುತ್ತಿನೊಳಗೆ ತಿರುಗಿಸಿ, ಚಪ್ಪಾಳೆ ಚುರುಕಾದಲ್ಲಿ ನಿಲ್ಲಿಸಿ. ಆಮೇಲಿನ ತಪ್ಪನ್ನು ಎಲ್ಲರೂ ಮಾಡುತ್ತಾರೆ: ನಾಯ್ಸ್ ರಿಡಕ್ಷನ್‌ಗೆ (ಟೇಪಿನ ಸುಯ್ ಸದ್ದು ಕಳೆಯುವುದಕ್ಕೆ) ಪಂದ್ಯದ ನಡುವಿನ ‘ಶಾಂತ’ ತುಣುಕನ್ನು ಮಾದರಿ ಕೊಡುವುದು. ದೂರದಿಂದ ಕೇಳುವ ಲಕ್ಷ ಜನರ ಗುಂಯ್‌ಗೂ ಟೇಪಿನ ಸುಯ್‌ಗೂ ಸಾಫ್ಟ್‌ವೇರಿಗೆ ಭೇದವೇ ಇಲ್ಲ. 15 ಡೆಸಿಬೆಲ್ ತೆಗೆದು, ತೆಗೆದದ್ದನ್ನೇ ಬೇರೆಯಾಗಿ ಕೇಳಿದರೆ ಅಲ್ಲಿ ಸ್ಪಷ್ಟವಾಗಿ ಗ್ಯಾಲರಿಯ ಘೋಷಣೆ: ‘ತೂಪ್, ತಾಂಕ್, ಫೆಶ್‌ಫೆಶೆ’. ಫಿರಂಗಿ, ಟ್ಯಾಂಕು, ಪಟಾಕಿ. ಮುಂದಿನ ಸಾಲು ರೆಫರಿಯ ಬಗ್ಗೆ, ಇಲ್ಲಿ ಬರೆಯುವಂಥದ್ದಲ್ಲ. ಡರ್ಬಿಗೆ ವಿದೇಶಿ ರೆಫರಿಗಳನ್ನು ಕರೆಸಿದ ಮೇಲೂ ಅದೇ ಘೋಷಣೆ ನಡೆಯಿತು, ಪಾಪ ಅವರಿಗೆ ಹುರಿದುಂಬಿಸಿದಂತೆ ಕೇಳಿಸಿರಬೇಕು. ಮಾದರಿಯನ್ನು ಕಾರ್ಯಕ್ರಮ ಶುರುವಾಗುವ ಮುಂಚಿನ ಮೌನದಿಂದ ತೆಗೆದುಕೊಂಡು 6 ಡೆಸಿಬೆಲ್‌ಗೆ ನಿಲ್ಲಿಸಿದರೆ ಘೋಷಣೆ ಉಳಿಯುತ್ತದೆ.

ಉಳಿದರೆ ಕಾಲದ ವ್ಯತ್ಯಾಸವೂ ಕಿವಿಗೆ ಬೀಳುತ್ತದೆ. ಹಳೇ ಟೇಪಿನಲ್ಲಿ ಕೂಗು ಒಂದು ಮೂಲೆಯಲ್ಲಿ ಹುಟ್ಟಿ ಬಟ್ಟಲಿನ ಸುತ್ತ ಹರಡಿ ಒಂದಿಷ್ಟು ತಡವಾಗಿ ಎದುರು ಬದಿ ಮುಟ್ಟುತ್ತದೆ. ಆಮೇಲಿನವುಗಳಲ್ಲಿ ‘ಲೀಡರ್’ ಮೆಗಾಫೋನ್ ಹಿಡಿದು ಶುರುಮಾಡುತ್ತಾನೆ, ಡೋಲು ತಾಳ ಹಿಡಿಯುತ್ತದೆ, ಎಲ್ಲ ಒಂದೇ ಏಟಿಗೆ. ಇನ್ನೂ ಬೇರೆಯೇ ಸದ್ದು ಬೇಕಿದ್ದರೆ 2019ರ ಅಕ್ಟೋಬರ್ 10ರ ಕಾಂಬೋಡಿಯಾ ಪಂದ್ಯ ಕೇಳಿ. ಇರಾನ್ 14–0. ದಶಕಗಳ ನಿರ್ಬಂಧದ ನಂತರ ಸುಮಾರು 3,500 ಹೆಂಗಸರು ಟಿಕೆಟ್ ಕೊಂಡು ಆಜಾದಿಯೊಳಗೆ ಕೂತಿದ್ದರು. ಖಾಲಿ ಗ್ಯಾಲರಿಯ ನಡುವೆ ಆ ಒಂದು ಮೂಲೆಯ ಕೂಗು ಬೇರೆ ಎಲ್ಲ ಟೇಪುಗಳಿಗಿಂತ ಎತ್ತರದ ಶ್ರುತಿಯಲ್ಲಿದೆ.

ಮುಂದಿನದು ಆಗಲೇ ತಲೆ ತಿನ್ನುತ್ತಿದೆ: ಕಲ್ಕತ್ತದ ರೇಡಿಯೊ ಕ್ಯಾಸೆಟ್‌ಗಳು. ಅಲಿಗಢದಲ್ಲಿ ಓದುತ್ತಿದ್ದ ಇರಾನಿನ ಖುರ್ರಂಶಹರದ ಆಟಗಾರ ಮಜೀದ್ ಬಿಷ್ಕರ್, ಜೊತೆಗೆ ಜಮ್ಶೀದ್ ನಸ್ಸೀರಿ, 1980ರಲ್ಲಿ ಈಸ್ಟ್ ಬೆಂಗಾಲ್ ಸೇರಿದ ಕಾಲದವು. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ‘ಪಂಚ ಪಾಂಡವ’ರಲ್ಲಿ (ಮುಂಚೂಣಿಯ ಐವರು ಆಟಗಾರರು) ಒಬ್ಬರಾಗಿ ಮೆರೆದದ್ದೂ ಅದೇ ಕ್ಲಬ್ಬಿನಲ್ಲಿ. 1951ರ ದಿಲ್ಲಿ ಏಷ್ಯನ್ ಗೇಮ್ಸ್‌ ಫೈನಲ್‌ನಲ್ಲಿ ಇರಾನನ್ನು 1–0ಯಿಂದ ಮಣಿಸಿದ ಭಾರತ ತಂಡದವರೂ ಹೌದು. ಕ್ಯಾಸೆಟ್‌ಗೆ ಬಣ್ಣದ ಕಾಟವಿಲ್ಲ, ಸರದಿ ತಪ್ಪುವ ಗೆರೆ ಇಲ್ಲ. ಆದರೆ ಅದಕ್ಕೆ ಮುಂಚೆ 1997ರ ನವೆಂಬರ್ 22ರ ಟೇಪು ಮುಗಿಸಬೇಕು. ಆಸ್ಟ್ರೇಲಿಯಾ ವಿರುದ್ಧ ಇರಾನಿನ ಅಜೀಜಿ ಸಮ ಮಾಡಿದ ಗೋಲಿಗೆ ಆಜಾದಿ ಸ್ಫೋಟಿಸುವ ಹೊತ್ತಿಗೆ ಸರಿಯಾಗಿ ವಿಸಿಆರ್‌ನ ಆಟೋ ಗೇನ್ (ಧ್ವನಿಮಟ್ಟವನ್ನು ತಾನೇ ಏರಿಳಿಸುವ ವ್ಯವಸ್ಥೆ) ಧ್ವನಿಯನ್ನು ಕೆಳಗೆ ತಳ್ಳಿದೆ, ಗೋಲಿನ ಕೂಗು ಅದರ ಹಿಂದಿನ ಗೊಣಗಾಟಕ್ಕಿಂತ ಸಣ್ಣದು. ಪ್ರಸಾರದ ಜೊತೆಗೇ ಬಂದ 50 ಹರ್ಟ್ಸ್ ಹಮ್ (ಕರೆಂಟಿನ ಗುಂಯ್ ಸದ್ದು) ಎಷ್ಟು ಕುಗ್ಗಿದೆ ಎಂದು ಅಳೆದು, ಅಷ್ಟನ್ನೇ ವಾಪಸ್ ಎತ್ತುವ ಯೋಜನೆಯಿದೆ. ಮೊದಲ ಪ್ರಯತ್ನದಲ್ಲಿ ಕೂಗಿನ ಬದಲು ಹಮ್ಮೇ ಎದ್ದು ಕೂತಿತು.