ಒಂದೇ ವಾರದಲ್ಲಿ ಮೂರು ಚೀಟಿ

ತಾಲ್ಲೂಕು ಕೇಂದ್ರದ ಬ್ಯಾಂಕ್ ಶಾಖೆಯೊಂದರ ಕ್ಯಾಷ್ ಕೌಂಟರಿನಲ್ಲಿ ನಾನು ಕುಳಿತು ಹದಿನಾರು ವರ್ಷವಾಯಿತು. ಪಿಂಚಣಿದಾರರ ಸಹಿ ನಡುಗತೊಡಗಿದರೆ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ ಎಂಬ ಜಂಬ ಬೇರೆ.

ನಿವೃತ್ತ ಮೇಷ್ಟ್ರೊಬ್ಬರು ಮುತ್ತು ಪೋಣಿಸಿದ ಹಾಗೆ ಹಣ ತೆಗೆಯುವ ಚೀಟಿ ಬರೆದುಕೊಡುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಖಾತೆ ಸಂಖ್ಯೆಯ ಜಾಗದಲ್ಲಿ ಮೊತ್ತ, ಮೊತ್ತದ ಜಾಗದಲ್ಲಿ ತಾರೀಖು. ಒಂದೇ ವಾರದಲ್ಲಿ ಮೂರು ಸಲ ಐದೈದು ಸಾವಿರಕ್ಕೆ ಬಂದರು. ಮೂರನೆಯ ಸಲ, ಹಿಂದೆ ಹತ್ತು ಜನ ನಿಂತಿರುವಾಗಲೇ, “ಮೇಷ್ಟ್ರೇ, ಮೊನ್ನೆ ತಾನೇ ತೆಗೆದುಕೊಂಡಿರಲ್ಲ?” ಎಂದೆ. ಸಾಲಿನಲ್ಲಿ ಯಾರೋ “ಅರವತ್ತಕ್ಕೆ ಅರಳುಮರಳು” ಎಂದು ನಕ್ಕರು. ಮೇಷ್ಟ್ರು ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು. ಎರಡು ತಿಂಗಳು ಈ ಕಡೆ ಸುಳಿಯಲಿಲ್ಲ.

ಮಗಳು ಬಂದಾಗ, “ಮರೆವಿನ ಕಾಯಿಲೆ ಇರಬೇಕು, ಕಾರ್ಡು, ಪಾಸ್‌ಬುಕ್ ನೀವೇ ಇಟ್ಟುಕೊಳ್ಳಿ” ಎಂದು ಬುದ್ಧಿ ಹೇಳಿದವಳೂ ನಾನೇ. ಆಕೆ ಜಾಣೆ, ಮನೋವೈದ್ಯರ ಬಳಿ ಕರೆದೊಯ್ದರು. ಥೈರಾಯ್ಡ್, ಬಿ12 ಪರೀಕ್ಷೆಗಳೆಲ್ಲ ಮುಗಿದ ಮೇಲೆ ತಿಳಿದದ್ದು ಖಿನ್ನತೆ. ಏನು ಕೇಳಿದರೂ ಮೇಷ್ಟ್ರು “ಗೊತ್ತಿಲ್ಲ” ಎನ್ನುತ್ತಿದ್ದರಂತೆ. ಮರೆವಿನ ಕಾಯಿಲೆಯವರು ಸಾಮಾನ್ಯವಾಗಿ ಏನಾದರೊಂದು ಹೇಳಿ ಮುಚ್ಚಿಕೊಳ್ಳುತ್ತಾರಂತೆ. ಇಳಿವಯಸ್ಸಿನ ಖಿನ್ನತೆ ಗಮನವನ್ನೂ ಲೆಕ್ಕಾಚಾರವನ್ನೂ ಮಂಕು ಮಾಡುತ್ತದೆ. ಕೆಲವರಲ್ಲಿ ಖಿನ್ನತೆ, ಮರೆವಿನ ಕಾಯಿಲೆ ಎರಡೂ ಒಟ್ಟಿಗೇ ಇರುವುದುಂಟು. ಅಂದ ಹಾಗೆ, ಆ ಹತ್ತು ಸಾವಿರವೂ ಹೆಂಡತಿಯ ಸಾಸಿವೆ ಡಬ್ಬಿಯಲ್ಲಿ ಹಾಗೆಯೇ ಇತ್ತು.

ಆರು ತಿಂಗಳ ಔಷಧದ ಬಳಿಕ ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು ಬಂದರು, ಮಾತಿಗೂ ನಿಂತರು. ಎಲ್ಲ ಸರಿಹೋಯಿತು ಎಂದುಕೊಂಡೆ. ಚೀಟಿ ನೋಡಿದರೆ ಮೊತ್ತ ಮತ್ತೆ ಖಾತೆ ಸಂಖ್ಯೆಯ ಜಾಗದಲ್ಲಿ. ಮನಸ್ಸು ಚೇತರಿಸಿಕೊಂಡರೂ ಲೆಕ್ಕದ ಚುರುಕು ಪೂರ್ತಿ ಮರಳದೇ ಇರಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರಂತೆ.

ಅವರು ತಿಳಿದು ಒಪ್ಪುವ ಸ್ಥಿತಿಯಲ್ಲಿದ್ದಾಗಲೇ ಖಾತೆಯನ್ನು ಮಗಳೊಂದಿಗೆ ಜಂಟಿ ಮಾಡಿಸಿದೆವು. ಎಷ್ಟೋ ಮನೆಯವರು ಕೈಮೀರಿದ ಮೇಲೆ ಪವರ್ ಆಫ್ ಅಟಾರ್ನಿ ಎಂಬ ಅಧಿಕಾರಪತ್ರ ಹಿಡಿದು ಬರುತ್ತಾರೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ 1872ರ ಕರಾರು ಕಾಯ್ದೆಯಂತೆ ಆ ಅಧಿಕಾರವೂ ಮುಗಿಯುತ್ತದೆ. ಕರೆಂಟ್ ಬಿಲ್ಲು ಖಾತೆಯಿಂದಲೇ ಕಟ್ಟಿಹೋಗುತ್ತದೆ. ಪಾಸ್‌ಬುಕ್ ಮಾತ್ರ ಮೇಷ್ಟ್ರ ಜೇಬಿನಲ್ಲಿ, ತಿಂಗಳ ಐದು ಸಾವಿರವೂ ಅವರ ಕೈಯಲ್ಲಿ. ಮಗಳ ಪಟ್ಟು ಅದು.

ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರಕ್ಕೆ ಬಂದಿದ್ದರು. “ಬದುಕಿದ್ದೇನೆ ಎಂದು ಎಲ್ಲಿ ಸಹಿ ಹಾಕಬೇಕಮ್ಮಾ?” ಎಂದರು. ಪೆನ್ಸಿಲಿನಲ್ಲಿ ಗುರುತು ಮಾಡಿಕೊಟ್ಟೆ.