ಕೊಟೇಶನ್‌ನಿಂದ ನಾನು ತೆಗೆದುಹಾಕಿದ ಒಂದು ಸಾಲು

ಪುಷ್ಯ ಮಳೆ ಬಿಡದೆ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ, ನಮ್ಮ ಚಿಕ್ಕಮಗಳೂರಿನ ಆಲ್ದೂರು ಕಡೆಯ ತೋಟದ ಮನೆಯೊಂದರಿಂದ ನನಗೆ ಫೋನ್ ಬಂತು. ಹಿಂದಿನ ವರ್ಷ ನಾನೇ ಮುಂದೆ ನಿಂತು ಅಲ್ಲೊಂದು ಈಜುಕೊಳ ಕಟ್ಟಿಸಿಕೊಟ್ಟಿದ್ದೆ. "ತಳ ಉಬ್ಬಿದೆ ಇಂಜಿನಿಯರ್ರೇ, ಟೈಲ್ಸ್ ಎದ್ದು ಬಂದಿವೆ" ಎಂದಷ್ಟೇ ಹೇಳಿ ಮಾಲೀಕರು ಫೋನ್ ಇಟ್ಟರು. ಹೋಗಿ ನೋಡಿದಾಗ ವಿಷಯ ತಿಳಿಯಿತು. ಮಳೆಗಾಲದಲ್ಲಿ ಹೋಂಸ್ಟೇಗೆ ಬರುವವರು ಕಡಿಮೆಯೆಂದು ಅವರು ಕೊಳವನ್ನು ಪೂರ್ತಿ ಖಾಲಿ ಮಾಡಿಸಿ ತೊಳೆಸಲು ಹೊರಟಿದ್ದರು. ಖಾಲಿಯಾದ ಎರಡನೆಯ ರಾತ್ರಿ, ಮಣ್ಣಿನೊಳಗೆ ತುಂಬಿಕೊಂಡಿದ್ದ ನೀರು ತಳವನ್ನು ಕೆಳಗಿನಿಂದ ಒತ್ತಿ ಮೇಲಕ್ಕೆತ್ತಿತ್ತು.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಕೊಳದ ತಳಕ್ಕಿಂತ ಒಂದು ಮೀಟರ್ ಎತ್ತರಕ್ಕೆ ಅಂತರ್ಜಲ ಏರಿ ನಿಂತರೆ, ಅದು ಪ್ರತಿ ಚದರ ಮೀಟರಿಗೆ 1,000 ಕಿಲೋ ಲೆಕ್ಕದಲ್ಲಿ ಮೇಲಕ್ಕೆ ಒತ್ತುತ್ತದೆ. ಆರು ಇಂಚು ದಪ್ಪದ ಕಾಂಕ್ರೀಟ್ ತಳದ ತೂಕವಾದರೋ ಚದರ ಮೀಟರಿಗೆ ಸುಮಾರು 375 ಕಿಲೋ ಮಾತ್ರ. ಕೊಳ ತುಂಬಿರುವವರೆಗೆ ಒಳಗಿನ ನೀರಿನ ಭಾರ ಈ ಒತ್ತಡವನ್ನು ಸರಿದೂಗಿಸುತ್ತಿರುತ್ತದೆ. ಖಾಲಿ ಮಾಡಿದರೆ ತಡೆಯುವವರು ಯಾರೂ ಇಲ್ಲ. ಇದಕ್ಕೆಂದೇ ತಳದ ಕೆಳಗೆ ಜಲ್ಲಿ ಹಾಸಿ, ತೂತಿನ ಪೈಪ್ ಹಾಕಿ ನೀರನ್ನು ಇಳಿಜಾರಿನ ಕಡೆಗೆ ಹೊರಬಿಡುತ್ತೇವೆ. ಜೊತೆಗೆ, ಹೊರಗಿನ ಒತ್ತಡ ಹೆಚ್ಚಾದಾಗ ತಾನಾಗಿಯೇ ತೆರೆದುಕೊಂಡು ನೀರನ್ನು ಕೊಳದೊಳಕ್ಕೆ ಬಿಡುವ ಒಂದು ವಾಲ್ವನ್ನು ತಳದಲ್ಲಿ ಕೂರಿಸುತ್ತೇವೆ. ಆ ಮನೆಗೆ ನಾನು ಕೊಟ್ಟಿದ್ದ ಮೊದಲ ಕೊಟೇಶನ್‌ನಲ್ಲಿ ಇವೆರಡೂ ಒಂದೇ ಸಾಲಿನಲ್ಲಿದ್ದವು. ಎರಡನೆಯ ಕೊಟೇಶನ್‌ನಲ್ಲಿ ಆ ಸಾಲು ಇರಲಿಲ್ಲ. ಬಣ್ಣ ಬದಲಿಸುವ ಎಂಟು ದೀಪಗಳನ್ನು ನೀರಿನೊಳಗೆ ಹಾಕಿಸಬೇಕು, ಆದರೆ ಒಟ್ಟು ಮೊತ್ತ ಏರಬಾರದು ಎಂದು ಮಾಲೀಕರು ಕೇಳಿದಾಗ, ಬೇಸಿಗೆಯಲ್ಲಿ ಗುಂಡಿ ತೋಡಿಸಿ ಒಣ ಮಣ್ಣನ್ನು ಕಂಡಿದ್ದ ನಾನೇ ಅದನ್ನು ತೆಗೆದುಹಾಕಿದ್ದೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವನು ಏಪ್ರಿಲ್ ತಿಂಗಳ ಮಣ್ಣನ್ನು ನೋಡಿ ಜುಲೈ ತಿಂಗಳ ಲೆಕ್ಕ ಹಾಕಿದ್ದು ನನಗೆ ಇಂದಿಗೂ ನಾಚಿಕೆಯ ಸಂಗತಿ. ರಿಪೇರಿಯ ಕೂಲಿಯನ್ನು ನಾನು ಹೊತ್ತೆ, ಸಾಮಾನಿನ ಖರ್ಚನ್ನು ಅವರು ಹೊತ್ತರು. ಆ ಎಂಟು ದೀಪಗಳಲ್ಲಿ ಮೂರು ಅಷ್ಟರಲ್ಲಾಗಲೇ ಕೆಟ್ಟಿದ್ದವು.

ಕೊಳ ಕಟ್ಟಿಸಿಕೊಟ್ಟ ಮೇಲೆ ಅದರ ನಿರ್ವಹಣೆಗೂ ನಮ್ಮ ಹುಡುಗರೇ ಹೋಗುವುದರಿಂದ, ಯಾವ ಮನೆಯವರು ಯಾವುದಕ್ಕೆ ಪರಿತಪಿಸುತ್ತಿದ್ದಾರೆ ಎಂಬುದು ನನ್ನ ಕಿವಿಗೆ ಬೀಳುತ್ತಲೇ ಇತ್ತು. ಆದರೆ ಆ ಮಾತುಗಳನ್ನು ನಾನು ನನ್ನ ಕೊಟೇಶನ್‌ಗಳ ಜೊತೆಗಿಟ್ಟು ಓದಿದ್ದು ಆಲ್ದೂರಿನ ಘಟನೆಯ ನಂತರವೇ. ಓದಿದಾಗ ಕಂಡದ್ದು ಇಷ್ಟು: ಮಾಲೀಕರು ಪಟ್ಟು ಹಿಡಿದು ಸೇರಿಸಿದ ಬಹುತೇಕ ಪ್ರತಿಯೊಂದು ಹೆಚ್ಚುವರಿ ಸೌಕರ್ಯದ ಹಿಂದೆಯೂ, ಕಣ್ಣಿಗೆ ಕಾಣದ ಯಾವುದೋ ಒಂದು ಅಗತ್ಯದ ಸಾಲು ಮಾಯವಾಗಿತ್ತು.

ಬಿಸಿನೀರಿನ ವ್ಯವಸ್ಥೆಯನ್ನೇ ನೋಡಬಹುದು. ನಮ್ಮ ಊರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಕಾಫಿ ಹಣ್ಣು ಕೊಯ್ಯುವ ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಕೊಳದ ನೀರಿಗೆ ಕಾಲಿಟ್ಟವರು ಹಾಗೆಯೇ ಹಿಂದೆ ತೆಗೆಯುತ್ತಾರೆ. ಹೋಂಸ್ಟೇಗೆ ಜನ ಬರುವುದೂ ಅದೇ ದಿನಗಳಲ್ಲಿ. ಹಾಗಾಗಿ ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರು ಕಾಯಿಸುವ ಹೀಟ್ ಪಂಪ್ ಬೇಕೆಂದು ಕೇಳುವುದು ತಪ್ಪಲ್ಲ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಸಾಧಾರಣ ಕೊಳದಲ್ಲಿ ಸುಮಾರು 40,000 ಲೀಟರ್ ನೀರಿರುತ್ತದೆ. ಅದನ್ನು 20 ಡಿಗ್ರಿಯಿಂದ 28 ಡಿಗ್ರಿಗೆ ಏರಿಸಲು ಸುಮಾರು 370 ಯೂನಿಟ್‌ನಷ್ಟು ಶಾಖ ಬೇಕು; ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ನಾಲ್ಕು ಯೂನಿಟ್ ಶಾಖ ಕೊಡುತ್ತದೆಂದು ಹಿಡಿದರೂ 90 ಯೂನಿಟ್‌ಗೂ ಹೆಚ್ಚು ಕರೆಂಟ್ ಖರ್ಚಾಗುತ್ತದೆ. ಒಮ್ಮೆ ಕಾಯಿಸಿ ಮುಗಿಯುವುದಾದರೆ ಯಾರೂ ಬೇಸರಪಡುತ್ತಿರಲಿಲ್ಲ. ಆದರೆ ತೆರೆದ ಕೊಳ ತನ್ನ ಶಾಖವನ್ನು ಹೆಚ್ಚಾಗಿ ಕಳೆದುಕೊಳ್ಳುವುದು ಆವಿಯ ಮೂಲಕ. ಗಾಳಿ ಬೀಸುವ ಗುಡ್ಡದ ಮೇಲಿನ ಕೊಳದಲ್ಲಿ ರಾತ್ರಿಯೊಂದರಲ್ಲಿ ಐದು ಮಿಲಿಮೀಟರ್ ನೀರು ಆವಿಯಾಯಿತೆಂದರೆ, ಹೋದದ್ದು 160 ಲೀಟರ್ ಮಾತ್ರವಾದರೂ ಉಳಿದ ನೀರಿನ ಉಷ್ಣತೆ ಎರಡು ಡಿಗ್ರಿಗಿಂತ ಹೆಚ್ಚು ಇಳಿದಿರುತ್ತದೆ. ಇದನ್ನು ತಡೆಯಲು ರಾತ್ರಿ ಹೊದಿಸುವ ಒಂದು ಕವರ್ ಇದ್ದರೆ ಸಾಕು. ಆ ಕವರ್ ನೋಡಲು ಚೆಂದವಿಲ್ಲ, ಫೋಟೋದಲ್ಲಿ ಕೆಟ್ಟದಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಹೀಟ್ ಪಂಪ್ ಕೊಂಡವರಲ್ಲಿ ಹೆಚ್ಚಿನವರು ಅದನ್ನು ಬಿಟ್ಟರು, ನಾನೂ ಒತ್ತಾಯಿಸಲಿಲ್ಲ. ಕೈಮರದ ಕಡೆಯ ಒಂದು ಮನೆಯಲ್ಲಿ ಎರಡನೆಯ ತಿಂಗಳ ಬಿಲ್ ಬಂದ ದಿನ ಆಫ್ ಮಾಡಿದ ಹೀಟ್ ಪಂಪನ್ನು ಮತ್ತೆ ಆನ್ ಮಾಡಿಲ್ಲ. ಅದರ ಮೇಲೆ ಈಗ ಮೆಣಸು ಒಣಗಿಸುವ ಟಾರ್ಪಾಲನ್ನು ಮಡಚಿಡುತ್ತಾರೆ.

ಕಣಿವೆಯ ಕಡೆಗೆ ನೀರು ತುಳುಕಿ ಬೀಳುವ ಅಂಚಿನ ಕಥೆ ಇನ್ನೂ ಉದ್ದ. ಮುಳ್ಳಯ್ಯನಗಿರಿಯ ಸಾಲು ಎದುರಿಗೆ ಕಾಣುವ ಜಾಗವಿದ್ದರೆ ಈ ಅಂಚು ಬೇಡವೆನ್ನುವವರನ್ನು ನಾನು ಕಂಡಿಲ್ಲ, ಮತ್ತು ಅದು ನಿಜಕ್ಕೂ ಸುಂದರವಾಗಿರುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಆ ಸೌಂದರ್ಯ ಇರುವುದು ಪಂಪ್ ಓಡುತ್ತಿರುವಷ್ಟು ಹೊತ್ತು ಮಾತ್ರ. ತ್ರೀ ಫೇಸ್ ಕರೆಂಟ್ ಹೋದ ಕೂಡಲೇ ನೀರು ಅಂಚಿನಿಂದ ಕೆಳಗಿಳಿದು, ಸುಣ್ಣದ ಗೆರೆ ಹಿಡಿದ ಗೋಡೆ ಮಾತ್ರ ಉಳಿಯುತ್ತದೆ. ಅಂಚಿನ ಮಟ್ಟದಲ್ಲಿ ನಾಲ್ಕೈದು ಮಿಲಿಮೀಟರ್ ವ್ಯತ್ಯಾಸ ಬಂದರೂ ನೀರು ಒಂದೇ ಮೂಲೆಯಲ್ಲಿ ಬೀಳುತ್ತದೆ. ಎಷ್ಟೇ ಪಳಗಿದ ಮೇಸ್ತ್ರಿಯಾದರೂ ಇಲ್ಲಿ ಬೆವರುತ್ತಾನೆ. ತುಳುಕಿದ ನೀರನ್ನು ಹಿಡಿದಿಡುವ ಬ್ಯಾಲೆನ್ಸಿಂಗ್ ಟ್ಯಾಂಕ್ ನೆಲದೊಳಗೆ ಅಡಗಿರುವುದರಿಂದ, ಖರ್ಚು ಇಳಿಸಲು ಹೊರಟಾಗ ಮೊದಲು ಕುಗ್ಗುವುದೂ ಅದೇ. ದಿನವೊಂದಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ, ಮೇಲೆ ಹೇಳಿದ ಅಳತೆಯ ಕೊಳಕ್ಕೆ ಆಕಾಶದಿಂದಲೇ 3,200 ಲೀಟರ್ ಸೇರುತ್ತದೆ. ಜೊತೆಗೆ ನಾಲ್ಕು ಜನ ಒಟ್ಟಿಗೆ ನೀರಿಗಿಳಿದರೆ ಅವರ ದೇಹದಷ್ಟೇ ನೀರು ಹೊರಗೆ ಬರುತ್ತದೆ. ಮಲ್ಲಂದೂರು ಕಡೆಯ ಒಂದು ಕೊಳಕ್ಕೆ 2,000 ಲೀಟರಿನ ಟ್ಯಾಂಕ್ ಸಾಕೆಂದು ಒಪ್ಪಿಕೊಂಡವನು ನಾನು. ಆರಿದ್ರಾ ಮಳೆಯಲ್ಲಿ ಅದು ಉಕ್ಕಿ, ಪಕ್ಕದ ಪಂಪ್ ರೂಮಿಗೆ ನುಗ್ಗಿ, ಮೋಟಾರ್ ಸುಟ್ಟಿತು.

ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರವನ್ನು ಬೆಂಗಳೂರಿನ ನೆಂಟರ ಮನೆಯಲ್ಲಿ ಕಂಡು ಬಂದವರು ಕೇಳುತ್ತಾರೆ. ಯಂತ್ರ ಒಳ್ಳೆಯದೇ. ಅದಕ್ಕೆ ಲೀಟರಿಗೆ ಮೂರರಿಂದ ನಾಲ್ಕು ಗ್ರಾಂ ಉಪ್ಪು ಬೇಕು, ಅಂದರೆ 40,000 ಲೀಟರಿಗೆ ಸುಮಾರು 140 ಕಿಲೋ. ಬಯಲುಸೀಮೆಯಲ್ಲಿ ಒಮ್ಮೆ ಹಾಕಿದ ಉಪ್ಪು ಬಹುಕಾಲ ಉಳಿಯುತ್ತದೆ. ನಮ್ಮಲ್ಲಿ ಮಳೆ ನೀರು ತುಂಬಿ ತುಂಬಿ ಅದನ್ನು ತೋಟಕ್ಕೆ ಹರಿಸಿಬಿಡುತ್ತದೆ, ಮತ್ತು ಉಪ್ಪುನೀರು ಕಾಫಿ ಗಿಡದ ಬುಡಕ್ಕೆ ಹೋಗುವುದನ್ನು ಯಾವ ಬೆಳೆಗಾರನೂ ಸಹಿಸುವುದಿಲ್ಲ. ಇದಕ್ಕಿಂತ ಮುಖ್ಯವಾಗಿ, ಇಲ್ಲಿನ ಹಲವು ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶವಿದೆ. ಮೇಲೆ ಬರುವಾಗ ತಿಳಿಯಾಗಿರುವ ಆ ನೀರು ಕ್ಲೋರಿನ್ ತಾಗಿದ ಕೂಡಲೇ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಕ್ಲೋರಿನ್ ಉಪ್ಪಿನಿಂದ ಬಂದರೂ ಡಬ್ಬಿಯಿಂದ ಬಂದರೂ ಇದು ತಪ್ಪದು. ಕೊಳಕ್ಕೆ ಬಿಡುವ ಮೊದಲು ಕಬ್ಬಿಣ ತೆಗೆಯುವ ಒಂದು ಫಿಲ್ಟರ್ ಬೇಕಾಗಿತ್ತು. ಆ ಹಣ ಯಂತ್ರಕ್ಕೆ ಹೋಗಿತ್ತು.

ಟೈಲ್ಸ್, ಕಲ್ಲುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಕೊಳದ ಸುತ್ತ ಪಾಲಿಶ್ ಗ್ರಾನೈಟ್ ಹಾಕಿಸಿಕೊಂಡವರೆಲ್ಲ, ಮಳೆಗಾಲದ ಪಾಚಿಯಲ್ಲಿ ಮನೆಯವರೊಬ್ಬರು ಜಾರಿದ ಮೇಲೆ ಒರಟು ಕಲ್ಲಿಗೆ ಬಂದಿದ್ದಾರೆ. ಸಿಲ್ವರ್ ಓಕ್ ಮರದ ಕೆಳಗೆ ಕೊಳ ಬೇಡವೆಂದು ಮಾತ್ರ ನಾನು ಮೊದಲಿನಿಂದಲೂ ಹಟ ಹಿಡಿದಿದ್ದೇನೆ, ಏಕೆಂದರೆ ಆ ಎಲೆಗಳನ್ನು ಬಲೆ ಹಾಕಿ ತೆಗೆಯುವವರು ನನ್ನ ಹುಡುಗರು.

ಈಗ ನಾನು ಕೊಡುವ ಕೊಟೇಶನ್ ಎರಡು ಹಾಳೆಯದು. ಮೊದಲ ಹಾಳೆಯಲ್ಲಿ ತಳದ ಪೈಪ್, ವಾಲ್ವ್, ಟ್ಯಾಂಕಿನ ಅಳತೆ, ಕಬ್ಬಿಣದ ಫಿಲ್ಟರ್, ಎತ್ತರದಲ್ಲಿ ಕಟ್ಟಿದ ಪಂಪ್ ರೂಮ್, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇರುತ್ತವೆ. ಇದರಲ್ಲಿ ಒಂದು ಸಾಲನ್ನೂ ಬಿಡುವುದಿಲ್ಲವೆಂದು ಮೊದಲೇ ಹೇಳುತ್ತೇನೆ, ಅದರಿಂದ ಎರಡು ಕೆಲಸಗಳು ಕೈತಪ್ಪಿಯೂ ಇವೆ. ಎರಡನೆಯ ಹಾಳೆಯಲ್ಲಿ ಮಾಲೀಕರು ಬಯಸಿದ ಸೌಕರ್ಯಗಳು, ಪ್ರತಿಯೊಂದರ ಎದುರು ತಿಂಗಳಿಗೆ ತಗಲುವ ಕರೆಂಟ್ ಮತ್ತು ಅದನ್ನು ದಿನವೂ ನೋಡಿಕೊಳ್ಳುವವರ ಹೆಸರು ಬರೆಯಲು ಖಾಲಿ ಜಾಗ. ಮೊನ್ನೆ ಮೂಡಿಗೆರೆ ರಸ್ತೆಯ ಒಂದು ತೋಟದ ಯಜಮಾನರು ಆ ಹಾಳೆಯನ್ನು ಮನೆಗೆ ಒಯ್ದು, ಮೂರು ದಿನ ಬಿಟ್ಟು ತಂದುಕೊಟ್ಟರು. ದೀಪ, ಜಕೂಝಿ, ಕೃತಕ ಜಲಪಾತ ಎಲ್ಲದರ ಎದುರೂ ಜಾಗ ಖಾಲಿಯಿತ್ತು. ಹೀಟ್ ಪಂಪ್ ಮತ್ತು ಕವರಿನ ಎದುರು ಮಾತ್ರ ತಮ್ಮ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ ಹೆಸರನ್ನು ಬರೆದು, ಅವರಿಂದ ಸಹಿಯನ್ನೂ ಹಾಕಿಸಿಕೊಂಡು ಬಂದಿದ್ದರು.